ತಾಯಿಯ ದನಿಯ 38 ಜಿಬಿ: ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ನಮ್ಮ ತಾಯಿ ಬಹಳ ವರ್ಷ ಮಕ್ಕಳಿಗೆ ಹಾಡು ಕಲಿಸಿದರು. ಪಾಠಗಳನ್ನು ಒಂದು ಸಣ್ಣ ಟೇಪ್ ರೆಕಾರ್ಡರ್‌ನಲ್ಲಿ ಮುದ್ರಿಸಿಟ್ಟುಕೊಳ್ಳುವ ಅಭ್ಯಾಸ ಅವರಿಗಿತ್ತು. ಅವರು ಈಗ ಇಲ್ಲ. 90 ನಿಮಿಷಗಳ 40 ಕ್ಯಾಸೆಟ್‌ಗಳು ಉಳಿದಿವೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ವೇವ್ ಕಡತಗಳನ್ನಾಗಿ ಮಾಡಿದೆ, 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ. ಒಟ್ಟು 38 ಜಿಬಿ ಆಯಿತು. ಲ್ಯಾಪ್‌ಟಾಪ್ ತುಂಬಿಹೋಯಿತು, ಅಕ್ಕನಿಗೆ ಕಳುಹಿಸಲೂ ಆಗುತ್ತಿಲ್ಲ. ಸ್ನೇಹಿತರೊಬ್ಬರು ‘128ರ ಎಂಪಿ3 ಮಾಡಿ, ಯಾರ ಕಿವಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ’ ಎಂದರು. ಮೊದಲ 6 ಕ್ಯಾಸೆಟ್‌ಗಳನ್ನು ಹಾಗೆಯೇ ಮಾಡಿ, ಅವುಗಳ ವೇವ್ ಅಳಿಸಿಬಿಟ್ಟೆ. ಮಾತು ಚೆನ್ನಾಗಿಯೇ ಕೇಳುತ್ತದೆ. ಆದರೆ ಮಕ್ಕಳು ಚಪ್ಪಾಳೆ ತಟ್ಟುವ ಕಡೆಯಲ್ಲೆಲ್ಲ ತಗಡು ಅಲುಗಾಡಿಸಿದ ಹಾಗಿದೆ. ಇನ್ನೊಬ್ಬರ ಮಾತು ಕೇಳಿ ಅವನ್ನೇ 320ಕ್ಕೆ ಏರಿಸಿದೆ. ಕಡತ ದೊಡ್ಡದಾಯಿತೇ ಹೊರತು ಸದ್ದು ಹಾಗೆಯೇ ಇದೆ. ಮೂರನೆಯವರು ‘ಎಲ್ಲವನ್ನೂ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮತ್ತೆ ಮಾಡಿ’ ಎನ್ನುತ್ತಿದ್ದಾರೆ. ಉಳಿದ 34 ಕ್ಯಾಸೆಟ್‌ಗಳ ವೇವ್ ಇನ್ನೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ನಿಲ್ಲಿಸಿ. ಉಳಿದ 34 ಕ್ಯಾಸೆಟ್‌ಗಳ ವೇವ್ ಕಡತಗಳಲ್ಲಿ ಒಂದನ್ನೂ ಇವತ್ತು ಅಳಿಸಬೇಡಿ. ಜಾಗ ಸಾಲದಿದ್ದರೆ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಆಮೇಲೆ ಮುಂದಿನದನ್ನು ಓದಿ.

ನಿಮ್ಮ ಕಿವಿ ಸರಿಯಾಗಿದೆ. ಚಪ್ಪಾಳೆ ತಗಡಿನಂತೆ ಕೇಳುವುದು ನಿಮ್ಮ ಭ್ರಮೆಯಲ್ಲ. ಎಂಪಿ3 ಎಲ್ಲಿ ಸೋಲುತ್ತದೆಯೋ ಸರಿಯಾಗಿ ಅಲ್ಲಿಗೇ ನೀವು ಬೆರಳಿಟ್ಟಿದ್ದೀರಿ. ಮೂವರು ಸ್ನೇಹಿತರೂ ನಿಮಗೆ ಒಂದೊಂದು ಅಂಕಿ ಕೊಟ್ಟರು: 128, 320, 96. ಆದರೆ ನಿಮ್ಮ ಸಮಸ್ಯೆಗೆ ಒಂದೇ ಅಂಕಿಯ ಉತ್ತರವಿಲ್ಲ, ಏಕೆಂದರೆ ನಿಮಗೆ ಬೇಕಾಗಿರುವುದು ಎರಡು ಬೇರೆ ಬೇರೆ ಪ್ರತಿಗಳು. ಒಂದು, ಮುಂದೆಂದಾದರೂ ಹಿಂತಿರುಗಿ ಬರಲು ಇಟ್ಟುಕೊಳ್ಳುವ ಮೂಲ. ಇನ್ನೊಂದು, ಮೊಬೈಲಿನಲ್ಲಿ ಕೇಳಲು, ಅಕ್ಕನಿಗೆ ಕಳುಹಿಸಲು. ಈ ಎರಡನ್ನೂ ಒಂದೇ ಕಡತದಿಂದ ಸಾಧಿಸಲು ಹೋದಾಗಲೇ ಎಲ್ಲರೂ ಎಡವುವುದು.

ಲೆಕ್ಕದಿಂದ ಆರಂಭಿಸೋಣ. ನೀವು ಆರಿಸಿದ ಗುಣಮಟ್ಟದಲ್ಲಿ ಕಂಪ್ಯೂಟರ್ ಪ್ರತಿ ಸೆಕೆಂಡಿಗೆ 44,100 ಬಾರಿ ಸದ್ದಿನ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುತ್ತದೆ. ಎಡಕ್ಕೊಂದು, ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಗಂಟೆಗೆ ಸುಮಾರು 635 ಎಂಬಿ. ನಿಮ್ಮ 60 ಗಂಟೆಗಳಿಗೆ 38 ಜಿಬಿ, ಸರಿಯಾಗಿಯೇ ಇದೆ. 128 ಎಂದರೆ ಆ 1,411ರ ಜಾಗದಲ್ಲಿ 128 ಕಿಲೋಬಿಟ್ ಮಾತ್ರ: ಹನ್ನೊಂದರಲ್ಲಿ ಒಂದು ಪಾಲು. ಉಳಿದ ಹತ್ತು ಪಾಲು ಎಲ್ಲಿ ಹೋಯಿತು?

ಸ್ವಲ್ಪ ಭಾಗ ಜಾಣತನದ ಲೆಕ್ಕದಿಂದ ಉಳಿಯುತ್ತದೆ. ಬಹುಪಾಲನ್ನು ಎಂಪಿ3 ಎಸೆಯುತ್ತದೆ. ಎಸೆಯುವುದಕ್ಕೆ ಒಂದು ಆಧಾರವಿದೆ: ನಮ್ಮ ಕಿವಿ ಎಲ್ಲವನ್ನೂ ಕೇಳುವುದಿಲ್ಲ. ಜೋರಾದ ಒಂದು ಸ್ವರ ಕೇಳುತ್ತಿರುವಾಗ ಅದರ ಆಸುಪಾಸಿನ ಕಂಪನಾಂಕದ ಮೆಲುಸದ್ದನ್ನು ಅದು ನುಂಗಿಬಿಡುತ್ತದೆ. ಜೋರು ಸದ್ದು ನಿಂತ ಮೇಲೂ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಕಿವಿ ಪೂರ್ತಿ ಚೇತರಿಸಿಕೊಂಡಿರುವುದಿಲ್ಲ. ಎನ್‌ಕೋಡರ್ (ಕುಗ್ಗಿಸಿ ಬರೆಯುವ ತಂತ್ರಾಂಶ) ಸದ್ದನ್ನು ಕಂಪನಾಂಕದ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಒರಟಾಗಿ ಬರೆದರೂ ಕಿವಿಗೆ ಗೊತ್ತಾಗುವುದಿಲ್ಲವೋ ಅಲ್ಲಿ ಬಿಟ್‌ಗಳನ್ನು ಕಿತ್ತುಕೊಳ್ಳುತ್ತದೆ. ಒಂದು ಬಿಟ್ ಕಿತ್ತರೆ ಆ ಪಟ್ಟಿಯಲ್ಲಿ ಸುಮಾರು 6 ಡೆಸಿಬೆಲ್‌ನಷ್ಟು ಗೊರಗೊರ ಸದ್ದು ಹೆಚ್ಚುತ್ತದೆ. ಆ ಗೊರಗೊರ ಜೋರು ಸ್ವರದ ನೆರಳಿನಲ್ಲಿ ಅಡಗಿರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಸಿಗುವ ಬಿಟ್‌ಗಳು, ಸಾಲದೇ ಹೋದಾಗ ಅದು ನೆರಳಿನಿಂದ ಹೊರಗೆ ಚಾಚುತ್ತದೆ.

ಈಗ ಚಪ್ಪಾಳೆಗೆ ಬರೋಣ. ಒಂದು ಚಪ್ಪಾಳೆಯನ್ನು ಸಂಪಾದನೆಯ ತಂತ್ರಾಂಶದಲ್ಲಿ ಹಿಗ್ಗಿಸಿ ನೋಡಿ. ಮೂಲ ವೇವ್ ಕಡತದಲ್ಲಿ ಅದರ ಮುಂಚೆ ನಿಶ್ಶಬ್ದದ ಗೆರೆ, ಆಮೇಲೆ ಗೋಡೆಯಂತೆ ನೆಟ್ಟಗೆ ಏಳುವ ಅಲೆ. 128ರ ಎಂಪಿ3ಯಲ್ಲಿ ಅದೇ ಜಾಗ ನೋಡಿದರೆ ಗೋಡೆಯ ಬುಡಕ್ಕೆ ಮುಂಚಿನಿಂದಲೇ ಒಂದು ಪೊದೆ ಬೆಳೆದಿರುತ್ತದೆ. ಎಂಪಿ3 ಸದ್ದನ್ನು ಸಾಮಾನ್ಯವಾಗಿ 26 ಮಿಲಿಸೆಕೆಂಡ್‌ಗಳ ಕಿಟಕಿಯಲ್ಲಿ ನೋಡುತ್ತದೆ. ಕಿಟಕಿಯ ಕೊನೆಯಲ್ಲಿ ಚಪ್ಪಾಳೆ ಬಿದ್ದರೂ, ಬಿಟ್ ಕಿತ್ತದ್ದರಿಂದ ಹುಟ್ಟಿದ ಗೊರಗೊರ ಇಡೀ ಕಿಟಕಿಗೆ ಹರಡಿಕೊಳ್ಳುತ್ತದೆ. ಅಂದರೆ ಚಪ್ಪಾಳೆಗಿಂತ ಮೊದಲೇ ಅದರ ಕೊಳಕು ಕೇಳಿಸುತ್ತದೆ. ಜೋರು ಸದ್ದಿನ ನಂತರ ಬರುವುದನ್ನು ಕಿವಿ ಕ್ಷಮಿಸುತ್ತದೆ. ಮೊದಲು ಬರುವುದನ್ನು ಕೆಲವೇ ಮಿಲಿಸೆಕೆಂಡ್ ಮಾತ್ರ. ಇದಕ್ಕೆ ನಮ್ಮ ಕೆಲಸದಲ್ಲಿ ಪೂರ್ವ ಪ್ರತಿಧ್ವನಿ ಎನ್ನುತ್ತೇವೆ. ಎನ್‌ಕೋಡರ್‌ಗೆ ಇದು ಗೊತ್ತು. ಚಪ್ಪಾಳೆ ಬಂದೊಡನೆ ಸಣ್ಣ ಕಿಟಕಿಗೆ ಬದಲಾಗುತ್ತದೆ. ಆದರೆ ಸಣ್ಣ ಕಿಟಕಿಗೆ ಹೆಚ್ಚು ಬಿಟ್ ಬೇಕು. ಹತ್ತು ಮಕ್ಕಳು ಒಂದೊಂದು ಕ್ಷಣ ಹಿಂದುಮುಂದಾಗಿ ಚಪ್ಪಾಳೆ ತಟ್ಟುವಾಗ 128ರ ಕೈಯಲ್ಲಿ ಅಷ್ಟು ಬಿಟ್ ಇರುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ: ಟೇಪಿನ ಹಿಸ್. ಕ್ಯಾಸೆಟ್‌ನ ಆ ಸರ್ರೆನ್ನುವ ಸದ್ದು ಪೂರ್ತಿ ಗೊತ್ತುಗುರಿಯಿಲ್ಲದ್ದು. ಸ್ವರಕ್ಕೆ ಒಂದು ಕ್ರಮವಿರುತ್ತದೆ, ಅದನ್ನು ಚಿಕ್ಕದಾಗಿ ಬರೆಯಬಹುದು. ಹಿಸ್‌ಗೆ ಕ್ರಮವೇ ಇಲ್ಲ. ಬಡ ಎನ್‌ಕೋಡರ್ ತನ್ನ ಬಿಟ್‌ಗಳಲ್ಲಿ ದೊಡ್ಡ ಪಾಲನ್ನು ಈ ಹಿಸ್ ಬರೆಯುವುದಕ್ಕೇ ಸುರಿಯುತ್ತದೆ, ತಾಯಿಯ ದನಿಗೆ ಉಳಿಯುವುದು ಕಡಿಮೆ. ಇನ್ನೂ ಕೆಳಗಿಳಿದರೆ ಹಿಸ್ ಕೂಡ ಸರ್ರೆನ್ನುವುದನ್ನು ಬಿಟ್ಟು ನೀರಿನೊಳಗಿನಿಂದ ಬಂದಂತೆ ಗುಳುಗುಳು ಎನ್ನತೊಡಗುತ್ತದೆ. ಹಾಗಾಗಿ ‘128 ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧದಷ್ಟೇ ನಿಜ. ಸ್ಟುಡಿಯೊದಲ್ಲಿ ಮಾಡಿದ ಶುದ್ಧ ಮುದ್ರಣ, ಒಳ್ಳೆಯ ಎನ್‌ಕೋಡರ್ ಇದ್ದರೆ ಹೆಚ್ಚಿನವರಿಗೆ 128ರಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ಹಿಸ್ ತುಂಬಿದ ಟೇಪಿನ ಮೇಲೆ ಚಪ್ಪಾಳೆ ಬಿದ್ದರೆ ಹಾಗಲ್ಲ.

ಒಂಟಿ ದನಿ ಸುಲಭ ಎಂದುಕೊಳ್ಳಬೇಡಿ. ಎಂಪಿ3 ರೂಪಿಸಿದವರಲ್ಲಿ ಪ್ರಮುಖರಾದ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅವರಿಗೆ ತಮ್ಮ ಲೆಕ್ಕವನ್ನು ಹದಗೊಳಿಸುವಾಗ ಅತಿ ಹೆಚ್ಚು ಕಾಟ ಕೊಟ್ಟದ್ದು ದೊಡ್ಡ ವಾದ್ಯಮೇಳವಲ್ಲ, ವಾದ್ಯವೇ ಇಲ್ಲದೆ ಹಾಡಿದ ಒಬ್ಬ ಹೆಣ್ಣುಮಗಳ ದನಿ. ತಪ್ಪನ್ನು ಮರೆಮಾಡಲು ಅಲ್ಲಿ ಹಿಂದೆ ಏನೂ ಇರಲಿಲ್ಲ. ನಿಮ್ಮ ತಾಯಿ ಪಾಠ ಹೇಳುವಾಗ ಹಾಡಿದ್ದೂ ಬಹುಶಃ ಹೀಗೆಯೇ, ಬರಿಯ ಕಂಠದಲ್ಲಿ.

ಇನ್ನು 320ಕ್ಕೆ ಏರಿಸಿದ್ದು. ಎಸೆದದ್ದು ಎಸೆದದ್ದೇ. 128ರ ಕಡತವನ್ನು 320 ಮಾಡಿದಾಗ ಎನ್‌ಕೋಡರ್ ಮುಂದೆ ಇರುವುದು ಈಗಾಗಲೇ ಕೆಟ್ಟ ಚಪ್ಪಾಳೆ. ಅದನ್ನೇ ಬಹಳ ನಿಷ್ಠೆಯಿಂದ, ದೊಡ್ಡ ಕಡತದಲ್ಲಿ ಬರೆದಿಡುತ್ತದೆ. ಜೊತೆಗೆ ತನ್ನದೂ ಒಂದಿಷ್ಟು ನಷ್ಟ ಸೇರಿಸುತ್ತದೆ. ಆದ್ದರಿಂದ ನಿಮ್ಮ ಆ 6 ಕ್ಯಾಸೆಟ್‌ಗಳಲ್ಲಿ 320ರ ಪ್ರತಿಗಿಂತ 128ರ ಪ್ರತಿಯೇ ಮೂಲಕ್ಕೆ ಹತ್ತಿರ. 320 ಅಳಿಸಿ, 128 ಇಟ್ಟುಕೊಳ್ಳಿ. ಬೇರೆಯವರಿಂದ ಬಂದ ಕಡತ ನಿಜವಾದ 320 ಹೌದೋ ಅಲ್ಲವೋ ಎಂದು ತಿಳಿಯಲು ಸ್ಪೆಕ್ಟ್ರೋಗ್ರಾಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆರೆದು ನೋಡುವುದು ನನ್ನ ಅಭ್ಯಾಸ. 128ರ ಎಂಪಿ3ಯಲ್ಲಿ 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿ ಹಾಕಿದಂತೆ ಎಲ್ಲವೂ ನಿಂತಿರುತ್ತದೆ. ಟೇಪಿನ ವಿಷಯದಲ್ಲಿ ಮಾತ್ರ ಈ ಪರೀಕ್ಷೆಯನ್ನು ಅತಿಯಾಗಿ ನಂಬಬೇಡಿ. ಹಿಸ್ ಬಿಟ್ಟರೆ ಅಷ್ಟು ಎತ್ತರದಲ್ಲಿ ಅದರಲ್ಲಿ ಹೆಚ್ಚೇನೂ ಇರುವುದಿಲ್ಲ.

ಇದೇ ಕಾರಣಕ್ಕೆ 96 ಕಿಲೋಹರ್ಟ್ಸ್‌ನ ಸಲಹೆಯನ್ನೂ ನಾನು ಬದಿಗಿಡುತ್ತೇನೆ. 44.1 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ, ಮನುಷ್ಯನ ಕಿವಿಯ ಮಿತಿ 20. ಮನೆಬಳಕೆಯ ಸಣ್ಣ ರೆಕಾರ್ಡರ್ 15 ದಾಟಿದರೆ ಹೆಚ್ಚು. 24 ಬಿಟ್‌ನ ಮಾತು ಬೇರೆ, ಅದಕ್ಕೆ ಅರ್ಥವಿದೆ. ಧ್ವನಿ ಸಂಗ್ರಹಾಲಯಗಳು ಮೂಲ ಪ್ರತಿಗೆ 24 ಬಿಟ್ ಬಳಸುವುದು ವಾಡಿಕೆ, ಏಕೆಂದರೆ ಮುದ್ರಿಸುವಾಗ ಮಟ್ಟವನ್ನು ಕೊಂಚ ತಗ್ಗಿಸಿ ಇಟ್ಟರೂ ಏನೂ ಕಳೆದುಹೋಗುವುದಿಲ್ಲ. ನೀವು 16 ಬಿಟ್‌ನಲ್ಲಿ ಮಾಡಿದ್ದೀರಿ. ಅದರ ವ್ಯಾಪ್ತಿ 96 ಡೆಸಿಬೆಲ್, ಕ್ಯಾಸೆಟ್‌ನ ವ್ಯಾಪ್ತಿ ಅದಕ್ಕಿಂತ ಬಹಳ ಕಡಿಮೆ. ಅಲೆಯ ತುದಿಗಳು ಮೇಲಿನ ಗೆರೆಗೆ ಬಡಿದು ಚಪ್ಪಟೆಯಾಗಿಲ್ಲ, ತೀರಾ ಕೆಳಗೂ ಇಲ್ಲ ಎಂದಾದರೆ 34 ಕ್ಯಾಸೆಟ್‌ಗಳನ್ನು ಮತ್ತೆ ಇಳಿಸುವ ಶ್ರಮ ಬೇಡ. ಹಳೆಯ ಟೇಪ್ ಪ್ರತಿ ಸಲ ಓಡಿದಾಗಲೂ ಸವೆಯುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ 38 ಜಿಬಿಯನ್ನು ಏನು ಮಾಡುವುದು? ಫ್ಲ್ಯಾಕ್‌ಗೆ ಬದಲಾಯಿಸಿ. ಅದು ಏನನ್ನೂ ಎಸೆಯದೆ ಕುಗ್ಗಿಸುವ ಕಡತದ ಬಗೆ. ‘ಕುಗ್ಗಿಸಿದರೆ ನಷ್ಟ ಆಗಲೇಬೇಕಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ಆಗಬೇಕಿಲ್ಲ. ಅಲೆಯ ಅಳತೆಗಳು 100, 104, 108, 112 ಎಂದು ಸಾಗುತ್ತಿವೆ ಎಂದುಕೊಳ್ಳಿ. ಮುಂದಿನದು 116 ಇರಬಹುದು ಎಂದು ಫ್ಲ್ಯಾಕ್ ಊಹಿಸುತ್ತದೆ. ನಿಜವಾಗಿ 117 ಬಂದರೆ ‘1’ ಎಂದಷ್ಟೇ ಬರೆದುಕೊಳ್ಳುತ್ತದೆ. 117 ಬರೆಯುವುದಕ್ಕಿಂತ 1 ಬರೆಯಲು ಕಡಿಮೆ ಬಿಟ್ ಸಾಕು. ತೆರೆಯುವಾಗ ಅದೇ ಊಹೆ ಮಾಡಿ, ಆ 1 ಕೂಡಿಸಿದರೆ ಮೂಲ ಸಂಖ್ಯೆ ಹಾಗೆಯೇ ಸಿಗುತ್ತದೆ, ಒಂದು ಬಿಟ್ ಕೂಡ ಆಚೀಚೆ ಇಲ್ಲದೆ. ವೇವ್ ಫ್ಲ್ಯಾಕ್‌ಗಿಂತ ಚೆನ್ನಾಗಿ ಕೇಳುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಸ್ಪೀಕರಿಗೆ ಹೋಗುವ ಸಂಖ್ಯೆಗಳು ಎರಡರಲ್ಲೂ ಒಂದೇ. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಮಟ್ಟಗಳಿವೆ. ಅವು ಗುಣಮಟ್ಟದವಲ್ಲ, ಎಷ್ಟು ಹೊತ್ತು ಯೋಚಿಸಿ ಕುಗ್ಗಿಸಬೇಕು ಎಂಬುದರವು. ಯಾವುದನ್ನು ಆರಿಸಿದರೂ ಸದ್ದು ಅದೇ. ಹಿಸ್ ಇರುವ ನಿಮ್ಮ ಟೇಪುಗಳಲ್ಲಿ ಊಹೆ ಹೆಚ್ಚು ತಪ್ಪುತ್ತದೆ, ಆದ್ದರಿಂದ ಅರ್ಧಕ್ಕೆ ಇಳಿಯದೆ 60 ಗಂಟೆಗೆ 21ರಿಂದ 25 ಜಿಬಿಯಷ್ಟು ಆಗಬಹುದು. ವೇವ್ ಕಡತವನ್ನು ಜಿಪ್ ಮಾಡಿದರೆ ಇಷ್ಟು ಇಳಿಯುವುದಿಲ್ಲ. ಎಂಪಿ3ಯನ್ನು ಜಿಪ್ ಮಾಡುವುದಂತೂ ವ್ಯರ್ಥ.

ಇದಕ್ಕೂ ಮೊದಲು ನೋಡಬೇಕಾದ ಒಂದು ಸಂಗತಿ ಇದೆ, ಇದನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಸಣ್ಣ ರೆಕಾರ್ಡರ್, ಒಂದೇ ಮೈಕ್ ಎಂದರೆ ನಿಮ್ಮ ಕ್ಯಾಸೆಟ್‌ಗಳು ಬಹುತೇಕ ಮೋನೊ. ಅಂದರೆ ಎಡ, ಬಲ ಎರಡರಲ್ಲೂ ಒಂದೇ ದನಿ; ಬೇರೆಯಾಗಿರುವುದು ಹಿಸ್ ಮಾತ್ರ. ಸ್ಟೀರಿಯೊ ಎಂದು ಇಟ್ಟುಕೊಂಡರೆ ಒಂದೇ ದನಿಗೆ ಎರಡು ಸಲ ಜಾಗ ಕೊಟ್ಟಂತೆ. ಪರೀಕ್ಷೆ ಸುಲಭ. ಆಡಾಸಿಟಿಯಂಥ ತಂತ್ರಾಂಶದಲ್ಲಿ ಎರಡು ಚಾನೆಲ್‌ಗಳನ್ನು ಬೇರ್ಪಡಿಸಿ, ಒಂದನ್ನು ತಲೆಕೆಳಗು ಮಾಡಿ, ಎರಡನ್ನೂ ಮೋನೊ ಮಾಡಿ ಒಟ್ಟಿಗೆ ನುಡಿಸಿ. ದನಿ ಮಾಯವಾಗಿ ಹಿಸ್ ಮಾತ್ರ ಉಳಿದರೆ ಅದು ಮೋನೊ.

ಆಗ ಎರಡನ್ನೂ ತಲೆಕೆಳಗು ಮಾಡದೆ ಕೂಡಿಸಿ ಮೋನೊ ಮಾಡಿದರೆ ಜಾಗ ಅರ್ಧವಾಗುವುದರ ಜೊತೆಗೆ ಹಿಸ್ ಕೂಡ 3 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಎರಡು ಚಾನೆಲ್‌ಗಳ ದನಿ ಒಂದಕ್ಕೊಂದು ಬಲ ಕೊಡುತ್ತದೆ, ಹಿಸ್ ಹಾಗೆ ಕೂಡುವುದಿಲ್ಲ. ಆದರೆ ಇಲ್ಲೊಂದು ಅಪಾಯವಿದೆ. ನೀವು ಬಳಸಿದ ಡೆಕ್‌ನ ಹೆಡ್, ಅಂದರೆ ಟೇಪನ್ನು ಓದುವ ಭಾಗ, ಕೂದಲೆಳೆಯಷ್ಟು ವಾಲಿದ್ದರೂ (ಇದನ್ನು ಅಜಿಮುತ್ ದೋಷ ಎನ್ನುತ್ತೇವೆ) ಎಡಕ್ಕೂ ಬಲಕ್ಕೂ ಅತಿ ಸಣ್ಣ ಸಮಯದ ಅಂತರ ಬಿದ್ದಿರುತ್ತದೆ. ಆಗ ಕೂಡಿಸಿದರೆ ‘ಸ’, ‘ಶ’, ಚಪ್ಪಾಳೆ ಇವೆಲ್ಲ ಮಂಕಾಗಿ, ಕಂಬಳಿ ಹೊದಿಸಿದಂತೆ ಆಗುತ್ತವೆ. ಕೂಡಿಸಿದ್ದನ್ನು ಮತ್ತು ಒಂದೇ ಚಾನೆಲನ್ನು ಅಕ್ಕಪಕ್ಕದಲ್ಲಿ ಕೇಳಿ. ಕೂಡಿಸಿದ್ದು ಮಂಕಾಗಿದ್ದರೆ, ಎರಡರಲ್ಲಿ ಯಾವ ಚಾನೆಲ್ ಸ್ವಚ್ಛವೋ ಅದೊಂದನ್ನೇ ಬಳಸಿ. ಅನುಮಾನವಿದ್ದ ಕ್ಯಾಸೆಟ್‌ಗಳನ್ನು ಸ್ಟೀರಿಯೊ ಆಗಿಯೇ ಫ್ಲ್ಯಾಕ್ ಮಾಡಿಡಿ, ನಾಳೆ ನೋಡಿಕೊಳ್ಳಬಹುದು. ಎಲ್ಲವೂ ಮೋನೊ ಆಗಿ ಹೊಂದಿದರೆ ನಿಮ್ಮ 38 ಜಿಬಿ ಫ್ಲ್ಯಾಕ್‌ನಲ್ಲಿ 10ರಿಂದ 13 ಜಿಬಿಗೆ ಇಳಿಯುತ್ತದೆ. ತಾಯಿಯ ದನಿಯಲ್ಲಿ ಏನನ್ನೂ ಕಳೆದುಕೊಳ್ಳದೆ.

ಈಗ ಕೇಳುವ ಪ್ರತಿ. ಮೂಲ ಭದ್ರವಾಗಿರುವುದರಿಂದ ಇಲ್ಲಿ ಧಾರಾಳವಾಗಿ ಕುಗ್ಗಿಸಬಹುದು. ಇಷ್ಟವಾಗದಿದ್ದರೆ ಮೂಲದಿಂದ ಮತ್ತೊಂದು ಮಾಡಿಕೊಳ್ಳಬಹುದು. ಒಂದೇ ನಿಯಮ: ಪ್ರತಿ ಸಲವೂ ಫ್ಲ್ಯಾಕ್‌ನಿಂದಲೇ ಮಾಡಬೇಕು, ಒಂದು ಎಂಪಿ3ಯಿಂದ ಇನ್ನೊಂದನ್ನಲ್ಲ.

ಮೋನೊ ದನಿಗೆ ನನ್ನ ಮೊದಲ ಆಯ್ಕೆ ಓಪಸ್, 64 ಕಿಲೋಬಿಟ್. 2012ರಲ್ಲಿ ಪ್ರಮಾಣಿತವಾದ ಈ ಬಗೆ ಮಾತು, ಸಂಗೀತ ಎರಡನ್ನೂ ಗಮನದಲ್ಲಿಟ್ಟು ರೂಪಿಸಿದ್ದು. 1990ರ ದಶಕದ ಮೊದಲಲ್ಲೇ ಪ್ರಮಾಣಿತವಾದ ಎಂಪಿ3ಗಿಂತ ಕಡಿಮೆ ಬಿಟ್‌ನಲ್ಲಿ ಹೆಚ್ಚು ಕೆಲಸ ತೆಗೆಯುತ್ತದೆ. ನಿಮ್ಮ 60 ಗಂಟೆಯೂ 1.7 ಜಿಬಿಯಲ್ಲಿ ಕೂರುತ್ತದೆ. ತೊಂದರೆ ಏನೆಂದರೆ, ಹಳೆಯ ಪ್ಲೇಯರ್‌ಗಳು, ಕಾರಿನ ಸ್ಟೀರಿಯೊಗಳು ಇದನ್ನು ಗುರುತಿಸದೇ ಇರಬಹುದು. ಅಕ್ಕನ ಬಳಿ ಏನಿದೆ ಎಂದು ಕೇಳಿಕೊಳ್ಳಿ. ಎಲ್ಲಿ ಹಾಕಿದರೂ ಓಡಬೇಕು ಎಂದಿದ್ದರೆ ಮೋನೊ ಎಂಪಿ3 ಮಾಡಿ, 96 ಕಿಲೋಬಿಟ್, ಲೇಮ್ ಎನ್‌ಕೋಡರ್‌ನಲ್ಲಿ. 2.6 ಜಿಬಿ ಆಗುತ್ತದೆ. ನೀವು ಮಾಡತೊಡಗಿದ್ದ 128ರ ಸ್ಟೀರಿಯೊ ಆಗಿದ್ದರೆ ಇಡೀ 60 ಗಂಟೆಗೆ 3.5 ಜಿಬಿ ಬೇಕಾಗುತ್ತಿತ್ತು. ಇದು ಅದಕ್ಕಿಂತ ಚಿಕ್ಕದು, ಅದಕ್ಕಿಂತ ಸ್ವಚ್ಛ, ಏಕೆಂದರೆ ಬಿಟ್‌ಗಳೆಲ್ಲ ಒಂದೇ ದನಿಗೆ ಸಿಗುತ್ತವೆ. ಬಿಟ್‌ರೇಟನ್ನು ಸ್ಥಿರವಾಗಿಡುವ ಬದಲು ಬದಲಾಗುವಂತೆ ಬಿಟ್ಟರೆ ಚಪ್ಪಾಳೆ ಬಂದಾಗ ಎನ್‌ಕೋಡರ್ ಹೆಚ್ಚು ಖರ್ಚು ಮಾಡಿ, ಮೌನದಲ್ಲಿ ಉಳಿಸುತ್ತದೆ. ನಾನು ಅದನ್ನೇ ಬಳಸುತ್ತೇನೆ. ಕೆಲವು ಹಳೆಯ ಪ್ಲೇಯರ್‌ಗಳಲ್ಲಿ ಅಂಥ ಕಡತದ ಅವಧಿ ತಪ್ಪಾಗಿ ಕಾಣುವುದುಂಟು, ಅಷ್ಟೇ. ಎನ್‌ಕೋಡ್ ಮಾಡುವ ಮುನ್ನ ಗರಿಷ್ಠ ಮಟ್ಟವನ್ನು ಒಂದು ಡೆಸಿಬೆಲ್ ಕೆಳಗೆ ಇಳಿಸಿ, ಇಲ್ಲದಿದ್ದರೆ ತೆರೆಯುವಾಗ ತುದಿಗಳು ಒಡೆಯಬಹುದು.

ಹಿಸ್ ತೆಗೆಯುವ ಫಿಲ್ಟರ್ ಹಾಕಬೇಕೆನಿಸಿದರೆ ಕೇಳುವ ಪ್ರತಿಗೆ ಮಾತ್ರ, ಅದೂ ಸ್ವಲ್ಪವೇ. ಹಿಂದೆ ಒಮ್ಮೆ ಒಂದು ಮನೆಯವರು ತಂದ ಎಂಪಿ3 ಕಡತಗಳ ಹಿಸ್ ತೆಗೆಯಲು ಕುಳಿತಿದ್ದೆ. ಫಿಲ್ಟರ್ ಹಾಕಿದೊಡನೆ ಹಿರಿಯರ ದನಿಯ ಸುತ್ತ ಸಣ್ಣ ಗಂಟೆಗಳು ಉದುರಿದಂತೆ ಕಿಣಿಕಿಣಿ ಸದ್ದು ಎದ್ದಿತು. ಎಂಪಿ3 ಮಾಡಿದ ಗಾಯ ಹಿಸ್‌ನ ಕೆಳಗೆ ಅಡಗಿತ್ತು. ಹಿಸ್ ಎತ್ತಿದಾಗ ಬಯಲಾಯಿತು. ಮೂಲ ಕ್ಯಾಸೆಟ್ ಎಸೆದಾಗಿತ್ತು, ವೇವ್ ಅಳಿಸಿಯಾಗಿತ್ತು. ಇದ್ದುದನ್ನು ಇದ್ದ ಹಾಗೆಯೇ ಮರಳಿಸಬೇಕಾಯಿತು. ಮುಂದೆ ಇವತ್ತಿಗಿಂತ ಒಳ್ಳೆಯ ಸಾಧನಗಳು ಬಂದಾಗ ಅವುಗಳ ಕೈಗೆ ಕೊಡಲು ನಿಮ್ಮ ಬಳಿ ಮುಟ್ಟದ ಮೂಲ ಇರಲಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕಾಗಿಯೇ.

64 ಸಾಕೋ, 96 ಬೇಕೋ ಎಂಬುದನ್ನು ನನ್ನ ಮಾತಿನಿಂದ ತೀರ್ಮಾನಿಸಬೇಡಿ, ನಿಮ್ಮ ಕಿವಿಯಿಂದ ತೀರ್ಮಾನಿಸಿ. ಅತಿ ಕಷ್ಟದ ಅರ್ಧ ನಿಮಿಷ ಆರಿಸಿಕೊಳ್ಳಿ, ಅಂದರೆ ಚಪ್ಪಾಳೆ ಇರುವುದನ್ನೇ. ಮೂಲವನ್ನೂ ಕುಗ್ಗಿಸಿದ್ದನ್ನೂ ಒಂದೇ ಜೋರಿಗೆ ಹೊಂದಿಸಿ. ಕೊಂಚ ಜೋರಾಗಿದ್ದುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಯಾವುದು ಯಾವುದೆಂದು ನಿಮಗೆ ತೋರಿಸದೆ ಇನ್ನೊಬ್ಬರು ನುಡಿಸಲಿ, ಅಥವಾ ಫೂಬಾರ್2000 ಎಂಬ ಪ್ಲೇಯರ್‌ಗೆ ಸೇರಿಸಿಕೊಳ್ಳಬಹುದಾದ ಎಬಿಎಕ್ಸ್ ಪರೀಕ್ಷೆ (ಹೆಸರು ಮುಚ್ಚಿಟ್ಟು ಹೋಲಿಸುವುದು) ಬಳಸಿ. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವಾಗಿಯೂ ಕೇಳುತ್ತಿದೆ. ಬರಿಯ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಎಂಟೋ ಒಂಬತ್ತೋ ಬಂದರೆ ಆ ಬಿಟ್‌ರೇಟ್ ನಿಮಗೆ ಸಾಕು. ತಂತಿಯ ಹೆಡ್‌ಫೋನ್ ಬಳಸಿ, ಬ್ಲೂಟೂತ್ ತಾನೂ ಒಮ್ಮೆ ಸದ್ದನ್ನು ಕುಗ್ಗಿಸಿಯೇ ಕಳುಹಿಸುತ್ತದೆ. ಅಕ್ಕನಿಗೆ ಸಂದೇಶದ ಆ್ಯಪ್‌ನಲ್ಲಿ ಕಳುಹಿಸುವಾಗಲೂ ಡಾಕ್ಯುಮೆಂಟ್ ಎಂದೇ ಕಳುಹಿಸಿ, ದಾರಿಯಲ್ಲಿ ಮತ್ತೆ ಕುಗ್ಗದಿರಲಿ.

ವೇವ್ ಕಡತಗಳನ್ನು ಅಳಿಸಬಹುದೇ? ಫ್ಲ್ಯಾಕ್ ಆದ ಮೇಲೆ, ಪರೀಕ್ಷೆ ಮಾಡಿದ ಮೇಲೆ, ಅಳಿಸಬಹುದು. ಫ್ಲ್ಯಾಕ್ ಕಡತ ಮೂಲ ಸದ್ದಿನ ಗುರುತಿನ ಸಂಖ್ಯೆಯೊಂದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದರ ಪರೀಕ್ಷೆಯ ಆಜ್ಞೆ ಕೊಟ್ಟರೆ ಎಲ್ಲವೂ ಸರಿಯಿದೆಯೇ ಎಂದು ಅದೇ ಹೇಳುತ್ತದೆ. ಎರಡು ಬೇರೆ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಫ್ಲ್ಯಾಕ್ ಇದೆ ಎಂದು ಖಚಿತವಾದ ಮೇಲೆ ಲ್ಯಾಪ್‌ಟಾಪಿನ ವೇವ್ ಬೇಡ. ಎರಡನೆಯ ಮನೆ ಅಕ್ಕನದೇ ಆಗಬಹುದು.

ಕೊನೆಯದಾಗಿ ಆ 6 ಕ್ಯಾಸೆಟ್‌ಗಳು. ವೇವ್ ಹೋಗಿದ್ದರೂ ಟೇಪ್ ನಿಮ್ಮ ಕೈಯಲ್ಲಿದೆ, ಆದ್ದರಿಂದ ಏನೂ ಕೈತಪ್ಪಿಲ್ಲ. ಮತ್ತೆ ಇಳಿಸಬೇಕಾದ್ದು ಇವನ್ನು ಮಾತ್ರ. ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಬಹಳ ದಿನ ಸುಮ್ಮನೆ ಇದ್ದ ಟೇಪ್ ಒಳಗೆ ಅಂಟಿಕೊಂಡಿರಬಹುದು. ಒಮ್ಮೆ ಕೊನೆಯವರೆಗೆ ಮುಂದೆ ಓಡಿಸಿ, ಹಿಂದಕ್ಕೆ ಸುತ್ತಿ. ಈ ಸಲ 24 ಬಿಟ್ ಆರಿಸಿ, 48 ಕಿಲೋಹರ್ಟ್ಸ್ ಸಾಕು, ಅತಿ ಜೋರಿನ ಚಪ್ಪಾಳೆಯೂ ಮೇಲಿನ ಗೆರೆಗಿಂತ 6 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಟ್ಟ ಹೊಂದಿಸಿ. ಟೇಪ್ ಓಡುವಾಗ ಕೀಚು ಸದ್ದು ಬಂದರೆ, ಹೆಡ್ ಮೇಲೆ ಕಂದು ಪುಡಿ ಕೂತರೆ ತಕ್ಷಣ ನಿಲ್ಲಿಸಿ, ಅಂಥ ಟೇಪನ್ನು ಅನುಭವವುಳ್ಳವರ ಕೈಗೆ ಕೊಡಿ. ಅಲ್ಲಿಯವರೆಗೆ ಆ ಕ್ಯಾಸೆಟ್‌ನ 128ರ ಎಂಪಿ3ಯನ್ನು ಅಳಿಸಬೇಡಿ.